ಬೆಟ್ಟದ ಬುಡದಲ್ಲಿ ಹತ್ತು ನಿಮಿಷ

ನಮಸ್ಕಾರ. ಬೆಳಗ್ಗೆ ಆರೂಮುಕ್ಕಾಲು. ಶ್ರವಣಬೆಳಗೊಳಕ್ಕೆ ಬಂದಿದ್ದೇವೆ, ಹಾಸನದಿಂದ ಸುಮಾರು 50 ಕಿಲೋಮೀಟರ್. ಹಿಂದೆ ಕಾಣುತ್ತಿರುವುದು ವಿಂಧ್ಯಗಿರಿ, ಊರವರ ಬಾಯಲ್ಲಿ ದೊಡ್ಡಬೆಟ್ಟ. ಬಂಡೆಯಲ್ಲೇ ಕಡಿದ ಸುಮಾರು 650 ಮೆಟ್ಟಿಲು. ಚಪ್ಪಲಿ, ಶೂ ಎಲ್ಲಾ ಕೆಳಗೇ ಬಿಡಬೇಕು.

ಹೋದ ವರ್ಷ ಇಲ್ಲಿ ಕಾರಿಂದ ಇಳಿದವನೇ ಮೆಟ್ಟಿಲಿಗೆ ಓಡಿದ್ದೆ. ತಮ್ಮನ ಜೊತೆ ಪಂದ್ಯ. ಚಳಿ ಬೇರೆ, ಗಂಟೆಗಟ್ಟಲೆ ಕಾಲು ಮಡಚಿ ಕೂತು ಬಂದ ಮೈ ಬೇರೆ. ನೂರು ಮೆಟ್ಟಿಲೂ ದಾಟಿರಲಿಲ್ಲ, ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕಂಬಿ ಹಿಡಿದು ಅಲ್ಲೇ ಕೂತೆ. ಡೋಲಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು, "ನಾನು ಇಳೀಲಾ ಮಗ, ನೀನು ಕೂತ್ಕೊತೀಯಾ?" ಅಂದರು. ತಮ್ಮ ಅದನ್ನು ಊರೆಲ್ಲಾ ಸಾರಿದ.

ಅದಕ್ಕೇ ಈ ಸಲ ಮೊದಲು ಕಲ್ಯಾಣಿಯ ಹತ್ತಿರ ವಾರ್ಮ್‌ಅಪ್, ಅಂದರೆ ಮೈ ಬೆಚ್ಚಗೆ ಮಾಡಿಕೊಳ್ಳುವುದು. ಮೂರು ನಿಮಿಷ ಮಾಮೂಲಿ ನಡಿಗೆ, ಎರಡು ನಿಮಿಷ ಬಿರುಸು ನಡಿಗೆ. ಆಮೇಲೆ ಗೋಡೆ ಹಿಡಿದು ಒಂದೊಂದೇ ಕಾಲನ್ನು ಹಿಂದೆ ಮುಂದೆ ಬೀಸುವುದು. ಮೊದಲ ನಾಲ್ಕು ಸಲ ಕಾಲು ಮರದ ಕೊರಡಿನ ಹಾಗೆ. ಎಂಟನೇ ಸಲಕ್ಕೆ ತಾನೇ ಮೇಲೆ ಹೋಗುತ್ತದೆ, ನೋಡಿ. ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು, ಅರ್ಧ ಬಸ್ಕಿ ಹತ್ತು. ಅಮ್ಮ ನೋಡಿ ನೋಡಿ, "ಬೆಟ್ಟ ಹತ್ತೋಕೆ ಬಂದು ಇಲ್ಲೇ ಕುಣೀತಿದ್ದೀಯಲ್ಲೋ" ಅಂದರು.

ಕುಣಿಯುವುದರಲ್ಲಿ ಅರ್ಥ ಇದೆ. ಎದೆಬಡಿತ ನಿಧಾನವಾಗಿ ಏರುತ್ತದೆ, ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿಯುತ್ತದೆ. ಬೆಚ್ಚಗಾದ ಸ್ನಾಯು ಬೇಗ ಕೆಲಸಕ್ಕೆ ಇಳಿಯುತ್ತದೆ. ಕೀಲುಗಳ ಒಳಗಿನ ದ್ರವವೂ ಸಡಿಲವಾಗುತ್ತದೆ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಿಸಿಲಿಗಿಟ್ಟರೆ ಕರಗುತ್ತಲ್ವಾ, ಹೆಚ್ಚುಕಮ್ಮಿ ಹಾಗೆ. ವಾರ್ಮ್‌ಅಪ್ ಮಾಡಿದರೆ ಕಾಲು ಹಿಡಿಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ತಣ್ಣಗಿನ ಮೈಯಲ್ಲಿ ಓಡುವುದು ಪೆದ್ದತನ.

ಇನ್ನೊಂದು ಮಾತು. ಶಾಲೆಯ ಪಿ.ಟಿ. ಪೀರಿಯಡ್‌ನಲ್ಲಿ ಬಗ್ಗಿ ಹೆಬ್ಬೆರಳು ಹಿಡಿದು ಹಾಗೇ ನಿಲ್ಲಿಸುತ್ತಿದ್ದರು, ಆಮೇಲೆ ಓಟ. ಅದು ಉಲ್ಟಾ. ಒಂದೇ ಸ್ಟ್ರೆಚ್ ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕಡಿಮೆಯೇ ಆಗುತ್ತದೆ. ಮೊದಲು ಕೈಕಾಲು ಆಡಿಸಿ. ಹಿಡಿದು ನಿಲ್ಲುವುದು ಕೊನೆಗಿರಲಿ.

ಸರಿ, ಹತ್ತೋಣ. ಫಿಟ್‌ನೆಸ್ ಅಂದರೆ ಬರೀ ತೋಳು ದಪ್ಪ ಅಂದುಕೊಂಡವರಿಗೆ ಈ ಮೆಟ್ಟಿಲು ಸಾಕು. ಅದರಲ್ಲಿ ಐದು ಭಾಗ ಇದೆ. ಅಮ್ಮ ಮಾತಾಡುತ್ತಾ ಹತ್ತುತ್ತಿದ್ದಾರೆ, ಹಾಡು ಹೇಳು ಅಂದರೆ ಆಗಲ್ಲ ಅಂದರು. ಮಾತಾಡಬಹುದು, ಹಾಡೋಕಾಗಲ್ಲ ಅನ್ನುವಷ್ಟು ದಮ್ಮು, ಅದೇ ಮಧ್ಯಮ ವೇಗದ ವ್ಯಾಯಾಮ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥದ್ದು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಮೊದಲನೆಯದು, ಹೃದಯ, ಶ್ವಾಸಕೋಶದ ತಾಕತ್ತು.

ಈಗ ಡೋಲಿ ಹೊರುವವರ ಕಾಲು ನೋಡಿ. ಹೆಜ್ಜೆ ಚಿಕ್ಕದು, ನಾಲ್ಕೂ ಜನರದ್ದು ಒಂದೇ ತಾಳ. ಡೋಲಿಯನ್ನು ಒಮ್ಮೆ ಎತ್ತಿ ಹೆಗಲಿಗೇರಿಸುವುದು ಸ್ನಾಯುಬಲ. ಅದೇ ಭಾರ ಹೊತ್ತು ಮೆಟ್ಟಿಲಾದ ಮೇಲೆ ಮೆಟ್ಟಿಲು ಏರುವುದು ಸ್ನಾಯುಗಳ ಸಹನಶಕ್ತಿ. ಇವೆರಡೂ ಬೇರೆ ಬೇರೆ ಅಂತ ನನಗೆ ಜಿಮ್‌ನಲ್ಲಿ ಅರ್ಥವಾಗಿರಲಿಲ್ಲ, ಇಲ್ಲಿ ಆಯಿತು.

ನಾಲ್ಕನೆಯದು ಮೈ ಬಗ್ಗುವ ಗುಣ. ನನ್ನ ಕೈ ಇನ್ನೂ ನೆಲ ಮುಟ್ಟಲ್ಲ, ಮುಂದೆ ಹೋಗೋಣ. ಐದನೆಯದು ಮೈಯಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಅನ್ನುವುದು. ತೂಕದ ಮಿಷನ್ ಅದನ್ನು ಹೇಳಲ್ಲ. ಟೇಪ್ ಹಿಡಿದು ಸೊಂಟ ಅಳೆಯಿರಿ: ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನನ್ನದು 93.

ಇದು ಒದೆಗಲ್ ಬಸದಿ. ಅಡಿಪಾಯ ಜಾರದ ಹಾಗೆ ಓರೆಯಾಗಿ ಒದೆಗಲ್ಲು ಕೊಟ್ಟಿದ್ದಾರೆ. ಅಮ್ಮನಿಗೆ ಇವತ್ತು ಒದೆಗಲ್ಲು ನನ್ನ ಭುಜ. ಮೇಲೆ ಗೊಮ್ಮಟ. 57 ಅಡಿ, ಒಂದೇ ಬಂಡೆ, ನಿಂತು ಸಾವಿರ ವರ್ಷ ದಾಟಿದೆ. ತೊಡೆಗೆ ಬಳ್ಳಿ ಹಬ್ಬುವಷ್ಟು ಕಾಲ ಅಲುಗದೆ ನಿಂತವನನ್ನು ನೋಡುತ್ತಾ ನಾನು ಏದುಸಿರು ಬಿಡುತ್ತಿದ್ದೆ.

ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಆಗ ಏನೂ ಅನಿಸಲ್ಲ, ನೋವು ಬರುವುದು ಮಾರನೇ ದಿನ, ಕೆಲವೊಮ್ಮೆ ಮೂರನೇ ದಿನ. ಈ ಸಲ ಮೀನಖಂಡ ಹಿಡಿಯಲಿಲ್ಲ. ಆದರೆ ಮಾರನೇ ಬೆಳಗ್ಗೆ ಮನೆ ಮಹಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ತಮ್ಮ ಕೆಳಗೆ ಫೋನ್ ಹಿಡಿದು ಕಾಯುತ್ತಿದ್ದ. ಈ ವಿಡಿಯೋದ ಥಂಬ್‌ನೇಲ್ ಅದೇ.