ಹತ್ತು ಸೆಕೆಂಡಲ್ಲಿ ಕರಗಿ ಹೋಗೋ ಔಷಧಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡೋ ನರ್ಸು, ಇವತ್ತು ಒಂದೇ ಒಂದು ಇಂಜೆಕ್ಷನ್ ಬಗ್ಗೆ ಹೇಳ್ತೀನಿ, ಅಡೆನೊಸಿನ್ ಅಂತ.

ಒಂದಿನ ಸಂಜೆ ಒಬ್ರು ಹೆಂಗಸು ಎದೆ ಹಿಡ್ಕೊಂಡು ಬಂದ್ರು, "ಸಿಸ್ಟರ್, ಡವಡವ ಅಂತ ಒಂದೇ ಸಮ ಹೊಡ್ಕೊಳ್ತಿದೆ, ನಿಲ್ತಾನೇ ಇಲ್ಲ" ಅಂದ್ರು, ಮಾನಿಟರ್ ಹಾಕಿ ನೋಡಿದ್ರೆ ನಿಮಿಷಕ್ಕೆ 190 ಬಡಿತ! ಇದಕ್ಕೆ ಎಸ್‌ವಿಟಿ ಅಂತೀವಿ, ಹಾರ್ಟಿನ ಕರೆಂಟು ಮುಂದಕ್ಕೆ ಹೋಗೋ ಬದಲು ಅಲ್ಲಲ್ಲೇ ಗಿರಗಿರ ಸುತ್ತು ಹೊಡೀತಿರುತ್ತೆ. ಉಸಿರು ಬಿಗಿಹಿಡಿದು ತಿಣುಕಿ ಅಂತ ಹೇಳಿ ನೋಡಿದ್ವಿ, ಇಳೀಲಿಲ್ಲ. ಆಮೇಲೆ ಡಾಕ್ಟರು ಮೊಣಕೈ ಹತ್ರದ ದಪ್ಪ ನರಕ್ಕೆ 6 ಮಿಲಿಗ್ರಾಂ ಅಡೆನೊಸಿನ್ ಕೊಟ್ರು, ಅದರ ಬೆನ್ನಿಗೇ ನಾನು ಸಲೈನ್ ಜೋರಾಗಿ ತಳ್ಳಿ ಅವರ ಕೈ ಮೇಲಕ್ಕೆತ್ತಿ ಹಿಡ್ದೆ. ಒಂದೆರಡು ಸೆಕೆಂಡು ಗೆರೆ ಸಪಾಟು. ಎಷ್ಟು ಸಲ ನೋಡಿದ್ರೂ ಆ ಹೊತ್ತಲ್ಲಿ ನನ್ನ ಉಸಿರೂ ನಿಂತಂಗಾಗುತ್ತೆ. ಆಮೇಲೆ ಒಂದು ಬಡಿತ, ಇನ್ನೊಂದು, ಹಾಗೇ 84ಕ್ಕೆ ಬಂದು ನಿಂತ್ಕೊಳ್ತು.

ಇಷ್ಟು ಅವಸರ ಯಾಕೆ ಅಂದ್ರೆ ರಕ್ತದಲ್ಲಿ ಇದರ ಅರ್ಧಾಯುಷ್ಯ, ಅಂದ್ರೆ ಕೊಟ್ಟಿದ್ದರಲ್ಲಿ ಅರ್ಧ ಖಾಲಿಯಾಗೋಕೆ ಹಿಡಿಯೋ ಹೊತ್ತು, ಹತ್ತು ಸೆಕೆಂಡೂ ಇಲ್ಲ, ಕೆಂಪು ರಕ್ತಕಣಗಳೂ ರಕ್ತನಾಳದ ಗೋಡೆನೂ ಇದನ್ನ ಒಳಗೆ ಎಳ್ಕೊಂಡ್ಬಿಡ್ತವೆ. ಯಾಕಂದ್ರೆ ಇದು ಹೊರಗಿನ ವಸ್ತುನೇ ಅಲ್ಲ, ನಮ್ಮ ಮೈಯದ್ದೇ. ಪ್ಯೂರಿನ್ ಅನ್ನೋ ರಾಸಾಯನಿಕ ಕುಟುಂಬದ ಅಡೆನಿನ್‌ಗೆ ರೈಬೋಸ್ ಸಕ್ಕರೆ ಸೇರಿದ್ರೆ ಅಡೆನೊಸಿನ್, ಅದಕ್ಕೆ ಮೂರು ಫಾಸ್ಫೇಟ್ ಸೇರಿದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಎಟಿಪಿ. ದುಡಿದು ಎಟಿಪಿ ಖರ್ಚಾದಾಗ ಅಡೆನೊಸಿನ್ ಉಳ್ಕೊಳ್ಳುತ್ತೆ, ಹಾರ್ಟಲ್ಲಿ ಅದು ರಕ್ತನಾಳ ಅಗಲ ಮಾಡುತ್ತೆ, ಮಿದುಳಲ್ಲಿ ಎಚ್ಚರ ಇದ್ದಷ್ಟು ಹೊತ್ತು ಸೇರ್ತಾ ಸೇರ್ತಾ ನಿದ್ದೆ ತರುತ್ತೆ. ಹಾರ್ಟಿನ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟು ದಾಟಿಸೋ ಎವಿ ನೋಡ್ ಅನ್ನೋ ಜಾಗದಲ್ಲಿ, ಜೀವಕೋಶದ ಮೇಲೆ ಇದು ಕೂರೋಕಂತಲೇ ಇರೋ ಎ1 ರಿಸೆಪ್ಟರ್ ಮೇಲೆ ಕೂತು ಪೊಟ್ಯಾಶಿಯಂ ಬಾಗಿಲು ತೆಗೆಯುತ್ತೆ, ಕರೆಂಟು ಅಲ್ಲಿ ಕ್ಷಣಕಾಲ ತಡೆಯಾಗುತ್ತೆ, ಸುತ್ತೋ ಸುತ್ತು ಅಲ್ಲಿಗೆ ತುಂಡಾಗುತ್ತೆ.

ಹಾರ್ಟಿನ ಮೇಲೆ ಇದರ ಕೆಲಸ ಏನು ಅಂತ ಡ್ರೂರಿ ಮತ್ತೆ ಸೆಂಟ್-ಜ್ಯೋರ್ಜಿ ಅನ್ನೋ ವಿಜ್ಞಾನಿಗಳು 1929ರಲ್ಲೇ ಬರೆದಿದ್ರು, ಅಮೆರಿಕದಲ್ಲಿ ಈ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಅರವತ್ತು ವರ್ಷ!

ಇನ್ನು ನಮ್ಮ ಕಾಫಿ ವಿಷಯ. ಕೆಫೀನೂ ಪ್ಯೂರಿನ್ ಕುಟುಂಬದ್ದೇ, ಅಡೆನೊಸಿನ್ ಕೂರೋ ರಿಸೆಪ್ಟರ್‌ಗಳ ಮೇಲೆ ಸುಮ್ನೆ ಹೋಗಿ ಕೂತು ಅಡೆನೊಸಿನ್‌ಗೆ ಜಾಗ ಕೊಡಲ್ಲ, ಫಿಲ್ಟರ್ ಕಾಫಿ ಕುಡಿದ್ರೆ ನಿದ್ದೆ ಹಾರೋದು ಇದಕ್ಕೇನೇ. ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್ ಮಾತ್ರೆನೂ ಹಂಗೇ. ಅದಕ್ಕೆ ಇವನ್ನೆಲ್ಲ ತಗೊಂಡಿದ್ರೆ ನಮ್ಮ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಅದೂ ಅಲ್ದೆ ಉಬ್ಬಸ ಇರೋರಿಗೆ ಅಡೆನೊಸಿನ್ ಕೊಟ್ರೆ ಶ್ವಾಸನಾಳ ಬಿಗಿದುಕೊಳ್ಳಬಹುದು, ಉಬ್ಬಸ ಇದ್ರೆ ದಯವಿಟ್ಟು ಮೊದಲೇ ಹೇಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಬ್ರು ಅಜ್ಜಂಗೆ ಏನೂ ಹೇಳದೆ ಇಂಜೆಕ್ಷನ್‌ಗೆ ರೆಡಿ ಮಾಡ್ಬಿಟ್ಟೆ, ಮುಖ ಕೆಂಪಾಗಿ ಎದೆ ಬಿಗಿದು "ಸತ್ತೋಗ್ತೀನಿ ಮಗಳೇ" ಅಂತ ನನ್ನ ಕೈ ಗಟ್ಟಿ ಹಿಡ್ಕೊಂಡ್ಬಿಟ್ರು. ಆವತ್ತಿಂದ ಎಲ್ಲರಿಗೂ ಮೊದ್ಲೇ ಹೇಳ್ತೀನಿ, ಹತ್ತು ಸೆಕೆಂಡು ಪ್ರಾಣ ಹೋದಂಗೆ ಅನ್ಸುತ್ತೆ, ಹೋಗಲ್ಲ, ನಾನು ಇಲ್ಲೇ ಇರ್ತೀನಿ ಅಂತ.

ಹಾರ್ಟ್ ಸ್ಟ್ರೆಸ್ ಸ್ಕ್ಯಾನ್‌ಗೂ ಇದನ್ನ ನಿಧಾನಕ್ಕೆ ಡ್ರಿಪ್ಪಲ್ಲಿ ಕೊಡ್ತಾರೆ, ಅದಕ್ಕೆ ಮುಂಚೆ 12ರಿಂದ 24 ಗಂಟೆ ಕಾಫಿ ಟೀ ಬೇಡ ಅಂತ ಹೇಳಿರ್ತಾರೆ. ಅಭ್ಯಾಸಬಲದಿಂದ ಬೆಳಗ್ಗೆ ಒಂದು ಲೋಟ ಕುಡಿದುಬಿಟ್ಟಿದ್ರೆ ಮುಚ್ಚಿಡಬೇಡಿ, ಹೇಳ್ಬಿಡಿ, ಇನ್ನೊಂದಿನ ಬನ್ನಿ ಅಂತಾರೆ ಅಷ್ಟೇ. ನಮಸ್ಕಾರ.