ದೊಡ್ಡ ಸ್ಟೆಪ್ನಿ, ಹಳೇ ಜಾಗ

ಎಲ್ಲರಿಗೂ ನಮಸ್ಕಾರ. ಇದು ದಾವಣಗೆರೆಯಲ್ಲಿ ನಮ್ಮ ಮನೆ ಅಂಗಳ. ಹಿಂಭಾಗ ಎತ್ತಿ ನಿಲ್ಲಿಸಿರುವುದು ನಮ್ಮ ಫೋರ್ ವೀಲ್ ಡ್ರೈವ್ ಸ್ಕಾರ್ಪಿಯೋ, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ. ದೊಡ್ಡ ಸ್ಟೆಪ್ನಿಯನ್ನು ಹಳೇ ಜಾಗದಲ್ಲೇ, ಗಾಡಿಯ ಹಿಂಭಾಗದ ಕೆಳಗೆ, ಹೇಗೆ ಕೂರಿಸಿದೆವು ಅಂತ ತೋರಿಸುತ್ತೇನೆ. ಚಾಸಿ ಕೆಳಗೆ ಎರಡು ಕಡೆ ದಪ್ಪ ಮರದ ದಿಮ್ಮಿ ಕಾಣುತ್ತಿದೆ ಅಲ್ವಾ? ಬರೀ ಜಾಕಿ ನಂಬಿ ಯಾರೂ ಗಾಡಿ ಕೆಳಗೆ ಹೋಗಬೇಡಿ.

ಹೋದ ವರ್ಷ ನಾಲ್ಕೂ ಚಕ್ರಕ್ಕೆ ದೊಡ್ಡ ಟೈರ್ ಹಾಕಿಸಿದೆ. ಮೊದಲು ಇದ್ದದ್ದು 235/65 ಆರ್17, ಹಾಕಿಸಿದ್ದು 265/65 ಆರ್17. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಐದನೆಯದಕ್ಕೆ ದುಡ್ಡು ಉಳಿಸೋಣ ಅಂತ ಹಳೇ ಸ್ಟೆಪ್ನಿಯನ್ನೇ ಕೆಳಗೆ ಬಿಟ್ಟಿದ್ದೆ. ಒಂದು ದಿನ ಜಗಳೂರು ಕಡೆ ಹೊಲದ ದಾರಿಯಲ್ಲಿ ಚೂಪು ಕಲ್ಲು ಟೈರಿನ ಪಕ್ಕ ಸೀಳಿಬಿಟ್ಟಿತು. ಪಕ್ಕ ಸೀಳಿದ ಟೈರಿಗೆ ಪಂಕ್ಚರ್ ಹಾಕಿ ನಂಬುವ ಹಾಗಿಲ್ಲ. ಹಳೇ ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಊರು ಸೇರಿದೆ.

ಲೆಕ್ಕ ಹಾಕಿದರೆ ಹಳೇ ಟೈರಿನ ಎತ್ತರ 737 ಮಿಲಿಮೀಟರ್, ಹೊಸದರದ್ದು 776. ಬರೀ 39 ಮಿಲಿಮೀಟರ್ ಅನ್ನಿಸುತ್ತದೆ. ಆದರೆ ಒಂದು ಕಿಲೋಮೀಟರಿಗೆ ದೊಡ್ಡ ಟೈರ್ ಸುಮಾರು 410 ಸುತ್ತು ತಿರುಗಿದರೆ ಚಿಕ್ಕದು 432 ಸುತ್ತು ತಿರುಗುತ್ತದೆ. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗವೇ ಡಿಫರೆನ್ಷಿಯಲ್. ಆ 22 ಸುತ್ತಿನ ವ್ಯತ್ಯಾಸವನ್ನು ಅದರೊಳಗಿನ ಗೇರುಗಳು ದಾರಿಯುದ್ದಕ್ಕೂ ಸರಿದೂಗಿಸುತ್ತಿರಬೇಕು. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರಂತೂ ಮುಂದಿನ ಚಕ್ರಗಳು ಹಿಂದಿನ ಚಕ್ರಗಳು ಒಂದನ್ನೊಂದು ಬಿಗಿಹಿಡಿದುಕೊಳ್ಳುತ್ತವೆ. ಈ ಗಾಡಿಯನ್ನು ವಾರಕ್ಕೆ ಎರಡು ಸಲ ನನ್ನ ತಂಗಿ ಒಬ್ಬಳೇ ಓಡಿಸಿಕೊಂಡು ಜಗಳೂರಿಗೆ ಹೋಗುತ್ತಾಳೆ. ಆವತ್ತು ನನ್ನ ಬದಲು ಅವಳಿದ್ದಿದ್ದರೆ ಅನ್ನುವುದು ತಲೆಯಿಂದ ಹೋಗಲೇ ಇಲ್ಲ.

ಅದಕ್ಕೇ ಸ್ಟೆಪ್ನಿಯೂ ಉಳಿದ ನಾಲ್ಕರ ಅಳತೆಯದ್ದೇ ಇರಲಿ ಅಂತ ತೀರ್ಮಾನಿಸಿದೆ. ಗಾಡಿ ಮೇಲೆ ಕ್ಯಾರಿಯರ್ ಹಾಕಿ ಅದರಲ್ಲಿ ಇಡು ಅಂತ ಸ್ನೇಹಿತರು ಹೇಳಿದರು. ಪಕ್ಕದ ಮನೆಯವರ ಮೆಕ್ಕೆಜೋಳ ತೂಗುವ ತಕ್ಕಡಿಯಲ್ಲಿ ರಿಮ್ ಸಮೇತ ತೂಗಿದೆವು. ಹಳೆಯದು 26 ಕೆಜಿ, ಹೊಸದು 32. ಅಷ್ಟು ತೂಕ ತಲೆ ಮೇಲಿದ್ದರೆ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ತಂಗಿಗೆ ಅದನ್ನು ಇಳಿಸುವುದೂ ಕಷ್ಟ. ಕೆಳಗಿನ ಜಾಗವೇ ಸರಿ ಅಂತ ತೀರ್ಮಾನ ಮಾಡಿದೆ.

ಇಲ್ಲಿ ನೋಡಿ. ರಾಡ್ ತಿರುಗಿಸಿದರೆ ಸ್ಟೆಪ್ನಿ ಇಳಿಯುತ್ತದೆ, ಉಲ್ಟಾ ತಿರುಗಿಸಿದರೆ ಏರುತ್ತದೆ. ದೊಡ್ಡದನ್ನು ಏರಿಸಿದಾಗ ಹಿಂದೆ ಬಂಪರಿನ ಪ್ಲಾಸ್ಟಿಕ್ ಅಂಚಿಗೆ ಸಿಕ್ಕಿಕೊಂಡಿತು. ಗಾಳಿ ಇಳಿಸಿ ಮತ್ತೆ ಏರಿಸಿದೆ, ಸಲೀಸಾಗಿ ಕೂತಿತು. ಆದರೆ ಅರ್ಧ ಗಾಳಿಯ ಸ್ಟೆಪ್ನಿ ಕತ್ತಲಲ್ಲಿ ಯಾವ ಉಪಯೋಗಕ್ಕೆ? ಪಂಪ್ ಕೈಕೊಟ್ಟರೆ ಮುಗಿಯಿತು. ಹಾಗಾಗಿ ಆ ದಾರಿ ಬಿಟ್ಟೆ.

ಗ್ಯಾರೇಜಿನ ಅಣ್ಣ ಬಂದು ಕೆಳಗೆ ಮಲಗಿ ನೋಡಿದರು. "ಮುಂದಕ್ಕೆ ತಳ್ಳಬೇಡಪ್ಪಾ, ಅಲ್ಲಿ ಹೌಸಿಂಗ್ ಮೇಲೆ ಕೆಳಗೆ ಆಡುತ್ತೆ. ಹಿಂದಕ್ಕೇ ಎಳೀಬೇಕು" ಅಂದರು. ಹೌಸಿಂಗ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲ್ ಮುಚ್ಚಿರುವ ಕಬ್ಬಿಣದ ಕವಚ. 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯಲ್ಲಿ ಹೊಸ ತೂತು ಹಾಕಿ, ಸ್ಟೆಪ್ನಿ ಎತ್ತುವ ವಿಂಚನ್ನು 20 ಮಿಲಿಮೀಟರ್ ಹಿಂದಕ್ಕೆ ಸರಿಸಿದೆವು. ಚಾಸಿಗೆ ವೆಲ್ಡಿಂಗ್ ಬೇಡ ಅಂತ ಅವರೇ ಹೇಳಿದರು, ಬಿಸಿಗೆ ಆ ಜಾಗ ಬಲ ಕಳೆದುಕೊಳ್ಳುತ್ತದಂತೆ. ಹೆಚ್ಚು ಬಲದ 8.8 ಗ್ರೇಡಿನ ಬೋಲ್ಟು, ಸಡಿಲವಾಗದ ನೈಲಾಕ್ ನಟ್ಟು ಹಾಕಿದೆವು. ಬಂಪರಿನ ಅಂಚನ್ನು ಗ್ರೈಂಡರಿನಲ್ಲಿ ಸ್ವಲ್ಪ ಕೊಯ್ದೆವು. ವಾಲ್ವ್ ನೆಲದ ಕಡೆ ಬರುವ ಹಾಗೆ ರಿಮ್ ಕೂರಿಸಿದೆವು. ಇನ್ನು ಸ್ಟೆಪ್ನಿ ಇಳಿಸದೆಯೇ ಗಾಳಿ ನೋಡಬಹುದು.

ವಿಂಚಿನ ತಂತಿ ನೋಡಿ ನನಗೆ ಭಯವಾಯಿತು. ಕೆಸರು ಕೂತು ತುಕ್ಕು ಹಿಡಿದು, ಎರಡು ಎಳೆ ಆಗಲೇ ಕಿತ್ತಿದ್ದವು. ಹೈವೇ 48ರಲ್ಲಿ ಅದು ಹರಿದು ಈ 32 ಕೆಜಿ ರಸ್ತೆಗೆ ಬಿದ್ದರೆ ಹಿಂದೆ ಬರುವ ಬೈಕಿನವರ ಗತಿ ಏನು? ವಿಂಚನ್ನೇ ಹೊಸದು ಹಾಕಿಸಿದೆ, ಜೊತೆಗೆ ಬೇರೆ ಸರಪಳಿಯೊಂದನ್ನು ರಿಮ್ ಒಳಗಿಂದ ಚಾಸಿಗೆ ಬಿಗಿದೆ. ನಿಮ್ಮ ಗಾಡಿಯದ್ದನ್ನೂ ಒಮ್ಮೆ ಟಾರ್ಚ್ ಹಾಕಿ ನೋಡಿ, ದಯವಿಟ್ಟು.

ಆಮೇಲೆ ಗ್ಯಾರೇಜಿನ ಅಣ್ಣ ಮಾಡಿದ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಟೈರಿನ ಸುತ್ತ ಒದ್ದೆ ಸುಣ್ಣ ಬಳಿದರು. ಹಿಂದಿನ ಸೀಟಿನಲ್ಲಿ ಮೂವರು ಕೂತರು, ಡಿಕ್ಕಿಯಲ್ಲಿ ಎರಡು ಮೂಟೆ ಜೋಳ. ಹೊಲದ ಬದು ಹತ್ತಿಸಿ ಇಳಿಸಿದೆವು. ಹೌಸಿಂಗಿಗೆ ಸುಣ್ಣ ತಾಗಿರಲಿಲ್ಲ. ಆದರೆ ಸೈಲೆನ್ಸರ್ ಕ್ಲಾಂಪಿನ ಬೋಲ್ಟ್ ತುದಿ ಬೆಳ್ಳಗಾಗಿತ್ತು. ಬಿಸಿ ಸೈಲೆನ್ಸರ್ ಪಕ್ಕ ರಬ್ಬರ್ ಇದ್ದರೆ ಸುಟ್ಟೇ ಹೋಗುತ್ತದೆ. ಬೋಲ್ಟ್ ಕತ್ತರಿಸಿ, ನಡುವೆ ತಗಡು ಕಟ್ಟಿ, ಮತ್ತೆ ಸುಣ್ಣ ಬಳಿದು ಓಡಿಸಿದೆವು. ಈ ಸಲ ಎಲ್ಲೂ ಗುರುತಿಲ್ಲ.

ಒಂದು ನಷ್ಟ ಇದೆ. ಟೈರ್ 30 ಮಿಲಿಮೀಟರ್ ಜಾಸ್ತಿ ಅಗಲ, ಹಾಗಾಗಿ ಅಷ್ಟೂ ಕೆಳಗೆ ಜೋತಿದೆ. ಕಡಿದಾದ ಹಳ್ಳ ದಾಟಿ ಮೇಲೆ ಬರುವಾಗ ಹಿಂಭಾಗ ನೆಲಕ್ಕೆ ಮೊದಲಿಗಿಂತ ಬೇಗ ಉಜ್ಜುತ್ತದೆ. ಅದಕ್ಕೆ ನಾನು ತಯಾರಿದ್ದೇನೆ. ಇನ್ನೊಂದು ಮಾತು, ಟೈರ್ ಗಾತ್ರ ಬದಲಿಸುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸಿನವರ ಹತ್ತಿರವೂ ಕೇಳಿಕೊಳ್ಳಿ.

ಈಗ ರಾತ್ರಿ ಎಂಟೂವರೆ. ದಿಮ್ಮಿ ತೆಗೆದು ಗಾಡಿ ನೆಲಕ್ಕೆ ಇಳಿಸಿದ್ದೇವೆ. ಹಿಂದಿನ ಎಡ ಟೈರಿನ ಗಾಳಿ ಪೂರ್ತಿ ಬಿಟ್ಟಿದ್ದೇವೆ. ಪಂಕ್ಚರ್ ಆದಾಗ ಗಾಡಿ ಕುಸಿದು, ದೊಡ್ಡ ಸ್ಟೆಪ್ನಿ ಬಂಪರ್ ಕೆಳಗಿಂದ ಹೊರಗೇ ಬರದೆ ಹೋಗಬಹುದು. ಅದನ್ನೇ ನೋಡಬೇಕಿತ್ತು. ಟಾರ್ಚ್ ಹಿಡಿದಿರುವವಳು ತಂಗಿ. ನಾನು ಕೈ ಹಾಕುವುದಿಲ್ಲ.

ಸರಪಳಿ ಬಿಚ್ಚಿದಳು. ರಾಡ್ ತಿರುಗಿಸಿದಳು. ಸ್ಟೆಪ್ನಿ ನೆಲ ಮುಟ್ಟಿತು. ಕಾಲಿನಿಂದ ಒತ್ತಿ ಓರೆ ಮಾಡಿ ಎಳೆದಳು, ಬಂಪರ್ ದಾಟಿ ಬಂತು.

"ಅಣ್ಣಾ, ವೀಲ್ ಸ್ಪ್ಯಾನರ್ ಎಲ್ಲಿಟ್ಟೆ?"

ಸೀಟಿನ ಕೆಳಗಿದೆ ನೋಡು.