ಬಿಚ್ಚಲು ಬರುವ ಹೊಲಿಗೆ: ರಾಜಮನೆತನದ ಮದುವೆಯುಡುಪಿನಲ್ಲಿ ಹಳತು ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಈ ಸಲದ ಮದುವೆ ಸೀಸನ್ನಿನಲ್ಲಿ ಗೌನ್ ಹೊಲಿಸಲು ಬರುವವರ ಬಾಯಲ್ಲಿ ಒಂದೇ ಮಾತು: ‘ವಿಂಟೇಜ್ ಲುಕ್ ಬೇಕು’, ಅಂದರೆ ಹಳೇ ಕಾಲದ ಸೊಗಸು. ಫೋನ್ ತೆಗೆದು, ಬ್ರಿಟನ್ನಿನ ರಾಜಕುಮಾರ ವಿಲಿಯಂನ ಕೈಹಿಡಿದ ಕೇಟ್ ಮಿಡಲ್‌ಟನ್ ಮದುವೆಯ ಫೋಟೊ ತೋರಿಸುತ್ತಾರೆ. ಉದ್ದ ತೋಳು, ಮೈತುಂಬ ಲೇಸು, ಬೆನ್ನಿಗೆ ಸಾಲು ಗುಂಡಿ. ನಾವು ಹೊಲಿಯುವವರು ಮಾಡುವುದೇನು? ಮೀಟರ್ ಲೆಕ್ಕದ ಲೇಸು ತಂದು, ಕೆನೆಬಣ್ಣದ ಲೈನಿಂಗ್ ಕೊಟ್ಟು, ಮೆಷಿನ್ನಿನಲ್ಲಿ ಎಳೆದು ಮುಗಿಸುತ್ತೇವೆ. ಸಂಜೆಯೊಳಗೆ ವಿಂಟೇಜ್ ಸಿದ್ಧ!

ನನ್ನ ತಕರಾರು ಅಲ್ಲಿಯೇ. ಆ ಉಡುಪುಗಳಲ್ಲಿ ಹಳತು ಅಂತ ಇದ್ದರೆ ಅದು ಒಳಮಗ್ಗುಲಲ್ಲಿದೆ, ಹೊಲಿಗೆಯಲ್ಲಿದೆ. ಅಜ್ಜಿಯ ಲೇಸು ಮೊಮ್ಮಗಳ ಮೈಮೇಲೆ ಬರಬೇಕಾದರೆ ಯಾರೋ ಒಬ್ಬರು ಹಿಂದೆ ಅದನ್ನು ಬಿಚ್ಚಲು ಬರುವ ಹಾಗೆ ಹೊಲಿದಿರಬೇಕು. ಇದು ನಿಮಗೆ ಹೊಸದೇನಲ್ಲ. ಒಳ್ಳೆಯ ರೇಷ್ಮೆ ಸೀರೆಗೆ ಫಾಲ್ಸ್ ಹಾಕುವಾಗ ಕೈಹೊಲಿಗೆ ಯಾಕೆ? ಫಾಲ್ಸ್ ಕುಗ್ಗಿದರೆ, ಹರಿದರೆ, ಸೀರೆಗೆ ನೋವಾಗದಂತೆ ತೆಗೆಯಬೇಕಲ್ಲ. ರವಿಕೆಯ ಪಕ್ಕದಲ್ಲಿ ಮಾರ್ಜಿನ್ ಬಿಡುವುದು ಯಾಕೆ ಅಂತ ನಾನು ಹೇಳುವುದು ಬೇಡ, ವರ್ಷಕ್ಕೊಮ್ಮೆ ನಾವೇ ಬಿಚ್ಚಿಸುತ್ತೇವೆ.

ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಮದುವೆಯಿಂದಲೇ ಶುರು ಮಾಡೋಣ. 1840ರ ಫೆಬ್ರವರಿ 10. ಅವಳು ಬಿಳಿ ಉಟ್ಟದ್ದರಿಂದ ಬಿಳಿ ಮದುವೆಯುಡುಪು ರೂಢಿಗೆ ಬಂದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಲೇಸು ನೋಡಿ. ಸ್ಯಾಟಿನ್ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನದು. ಲೇಸು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಿಯರ್ ಎಂಬ ಕರಾವಳಿ ಹಳ್ಳಿಯದು. ನಗಬೇಡಿ, ಹಳ್ಳಿಯ ಹೆಸರೇ ಅದು. ಇನ್ನೂರಕ್ಕೂ ಹೆಚ್ಚು ಹೆಂಗಸರು ತಿಂಗಳುಗಟ್ಟಲೆ ಕೂತು ಮಾಡಿದ ಹಾನಿಟನ್ ಲೇಸು. ಉಡುಪಿನ ಕೆಳಗಿನ ಪಟ್ಟಿಯೇ 4 ಗಜ ಉದ್ದ, ಮುಕ್ಕಾಲು ಗಜ ಅಗಲ.

ಹಾನಿಟನ್ ಲೇಸಿನ ಗುಟ್ಟು ಇಷ್ಟು: ಗಟ್ಟಿ ದಿಂಬಿನ ಮೇಲೆ ನಕ್ಷೆಯಿಟ್ಟು, ಗುಂಡುಸೂಜಿ ನೆಟ್ಟು, ಮರದ ಕಡ್ಡಿಗಳಿಗೆ ಸುತ್ತಿದ ನೂಲನ್ನು ಹೆಣೆಯುತ್ತಾ ಒಂದೊಂದೇ ಹೂವು, ಒಂದೊಂದೇ ಎಲೆ ಬಿಡಿಬಿಡಿಯಾಗಿ ಮಾಡುತ್ತಾರೆ. ಆಮೇಲೆ ಅವನ್ನು ನೆಟ್ ಮೇಲೆ ಕೂರಿಸುತ್ತಾರೆ. ಆ ನೆಟ್ ಯಂತ್ರದ್ದು! ಕೈಲೇಸಿನವರ ಅನ್ನಕ್ಕೆ ಕುತ್ತು ತಂದದ್ದು ಹೀತ್‌ಕೋಟ್ ಎಂಬಾತ ಕಂಡುಹಿಡಿದ ನೆಟ್ ಯಂತ್ರ. ಅದೇ ನೆಟ್ ಮೇಲೆ ಕೈಲೇಸನ್ನು ಹೊಲಿದು, ರಾಣಿಯ ಮದುವೆಯಿಂದ ಕೈಲೇಸಿನ ಕಸುಬು ಉಳಿಸಲು ಹೊರಟರು. ಹಳತು ಅನ್ನುವುದು ಆಗಲೂ ಶುದ್ಧವೇನಾಗಿರಲಿಲ್ಲ, ತಿಳಿದಿರಲಿ.

ಬಿಡಿ ಹೂವು, ಅದರ ಕೆಳಗೆ ನೆಟ್, ನೆಟ್ ಕೆಳಗೆ ಸ್ಯಾಟಿನ್. ಮೂರೂ ಬೇರೆ ಬೇರೆ. ಸ್ಯಾಟಿನ್ನಿಗೆ ಹಾಕಿದ್ದ ಕೈಹೊಲಿಗೆ ಬಿಚ್ಚಿದರೆ ಲೇಸು ಇಡಿಯಾಗಿ ಕೈಗೆ ಬರುತ್ತದೆ. ಹಾಗಾಗಿಯೇ ವಿಕ್ಟೋರಿಯಾ ಅದನ್ನು ಮಕ್ಕಳ ನಾಮಕರಣ, ಮದುವೆಗಳಿಗೆ ಮತ್ತೆ ಮತ್ತೆ ಹಾಕಿಕೊಂಡಳು. 1885ರಲ್ಲಿ ಕಿರಿಮಗಳು ಬಿಯಾಟ್ರಿಸ್ ಅದೇ ಲೇಸಿನಲ್ಲಿ ಮದುವೆಯಾದಳು. ಸ್ಯಾಟಿನ್ನಿಗೇ ಮೆಷಿನ್ ಹೊಡೆದಿದ್ದರೆ? 1840ರಲ್ಲಿ ಹೊಲಿಗೆ ಮೆಷಿನ್ ಇನ್ನೂ ಮನೆಮನೆಗೆ ಬಂದಿರಲಿಲ್ಲ, ಲೇಸಿನ ಪುಣ್ಯ.

ಈಗ ಕೇಟ್ ಫೋಟೊಗೆ ಬರೋಣ. 2011, ಅಲೆಕ್ಸಾಂಡರ್ ಮಕ್‌ಕ್ವೀನ್ ಫ್ಯಾಶನ್ ಸಂಸ್ಥೆಯ ಸಾರಾ ಬರ್ಟನ್ ವಿನ್ಯಾಸ, ಲೇಸಿನ ಕೆಲಸ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂಬ ಕಸೂತಿ ಶಾಲೆಯವರದು. ಲೇಸಿನ ಹೂಗಳನ್ನು ಕತ್ತರಿಸಿ ರೇಷ್ಮೆ ನೆಟ್ ಮೇಲೆ ಕೂರಿಸಿದರು. ಐರ್ಲೆಂಡಿನ ಕ್ಯಾರಿಕ್‌ಮಾಕ್ರಾಸ್ ಪದ್ಧತಿ ಅದು. ಪ್ರತಿ ಹೂವಿನ ಅಂಚಿಗೆ ಎರಡು ಮೂರು ಮಿಲಿಮೀಟರಿಗೆ ಒಂದು ಹೊಲಿಗೆ. ಗಂಟು ಹಾಕುವಂತಿಲ್ಲ. ಅರ್ಧ ಗಂಟೆಗೊಮ್ಮೆ ಕೈ ತೊಳೆಯಬೇಕು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸಬೇಕು. ಪತ್ರಿಕೆಗಳು ಇದನ್ನು ಅರಮನೆಯ ಮಡಿ ಅನ್ನುವ ಹಾಗೆ ಬರೆದವು. ಇದು ಬರೀ ಕಸುಬಿನ ಲೆಕ್ಕ. ಬೆರಳಿನ ಬೆವರು, ಜಿಡ್ಡು ಈಗ ಕಾಣುವುದಿಲ್ಲ, ಕೆಲವು ವರ್ಷಕ್ಕೆ ಹಳದಿಯಾಗಿ ಏಳುತ್ತದೆ. ಸೂಜಿಯ ಮೊನೆ ಮೊಂಡಾದರೆ ನೆಟ್ಟಿನ ಎಳೆ ಎಳೆದುಬಿಡುತ್ತದೆ. ಗಂಟು ಹಾಕಿದರೆ ತೆಳು ನೆಟ್ಟಿನಲ್ಲಿ ಎದುರಿನಿಂದ ಹೇನಿನ ಹಾಗೆ ಕಾಣುತ್ತದೆ.

ಗಂಟಿಲ್ಲದೆ ನಿಲ್ಲಿಸುವುದು ಹೇಗೆ? ಹೂವಿನ ದಪ್ಪ ಅಂಚಿನೊಳಗೆ ಒಂದರ ಮೇಲೊಂದು ಎರಡು ಚಿಕ್ಕ ಹಿಂಹೊಲಿಗೆ ಹಾಕಿ ದಾರ ಕತ್ತರಿಸಿ. ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಹಾರಿಸಬೇಡಿ. ಹಾರಿಸಿದರೆ ಒಂದು ಎಳೆ ತುಂಡಾದ ದಿನ ನಾಲ್ಕು ಹೂವು ಒಟ್ಟಿಗೆ ಎದ್ದು ಬರುತ್ತವೆ. ಬಿಚ್ಚುವುದಿದ್ದರೂ ಒಂದೊಂದನ್ನೇ ಬಿಚ್ಚಲಾಗುವುದಿಲ್ಲ. ಇನ್ನೊಂದು ಮಾತು: ನೆಟ್ ಅನ್ನು ಅಡ್ಡದ ಮೇಲೆ, ಅಂದರೆ ಕಸೂತಿಯ ಚೌಕಟ್ಟಿನ ಮೇಲೆ, ಮಗ್ಗಂ ವರ್ಕಿಗೆ ಎಳೆದ ಹಾಗೆ ಬಿಗಿಯಾಗಿ ಎಳೆಯಬೇಡಿ. ನೆಟ್ ಅಗಲಕ್ಕೆ ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಹೂವು ಕೂರಿಸಿ ಅಡ್ಡದಿಂದ ತೆಗೆದರೆ ಸುತ್ತಲೂ ಸುಕ್ಕು. ಮೇಜಿನ ಮೇಲೆ ಕಾಗದ ಹಾಸಿ, ನೆಟ್ ಅನ್ನು ಸಡಿಲವಾಗಿ ಹರಡಿ, ಕಾಗದಕ್ಕೇ ಕಚ್ಚಾ ಹೊಲಿಗೆ ಹಾಕಿಕೊಂಡು ಕೆಲಸ ಮಾಡಿ, ಕೊನೆಗೆ ಕಾಗದ ಬಿಡಿಸಿ.

ಕೇಟ್‌ಳ ಉಡುಪು ನೋಡಿದವರಿಗೆಲ್ಲ 1956ರ ಗ್ರೇಸ್ ಕೆಲ್ಲಿ ನೆನಪಾದಳು. ಮೊನಾಕೊ ರಾಜನನ್ನು ಮದುವೆಯಾದ ಹಾಲಿವುಡ್ ನಟಿ. ಉಡುಪು ಮಾಡಿದ್ದು ಹೆಲೆನ್ ರೋಸ್, ಎಂಜಿಎಂ ಸ್ಟುಡಿಯೊದ ಹೊಲಿಗೆಮನೆಯಲ್ಲಿ. ಬಳಸಿದ್ದು 125 ವರ್ಷ ಹಳೆಯ ಲೇಸು ಎನ್ನುತ್ತಾರೆ. ಅದರಲ್ಲಿ ಜೋಡಣೆಯ ಗೆರೆ ಕಾಣುವುದಿಲ್ಲ. ಒಂದು ತುಂಡಿನ ಬಳ್ಳಿಯನ್ನು ಇನ್ನೊಂದರ ಮೇಲೆ ಏರಿಸಿ, ಹೂವಿನ ಅಂಚಿಗೇ ಕತ್ತರಿಸಿ, ಕೈಯಲ್ಲಿ ಸುತ್ತುಹೊಲಿಗೆ ಹಾಕಿ, ಕೆಳಗಿನ ಹೆಚ್ಚುವರಿ ತೆಗೆಯುವುದು. ನೇರವಾಗಿ ಪಕ್ಕದ ಹೊಲಿಗೆ ಹೊಡೆದರೆ ಅರ್ಧ ಗುಲಾಬಿ ಕಂಕುಳಿಗೆ, ಇನ್ನರ್ಧ ಬೆನ್ನಿಗೆ. ಈ ರೀತಿಗೆ ಲೇಸು ಹೆಚ್ಚು ಬೇಕು. ಗಿರಾಕಿಗೆ ಮೊದಲೇ ಹೇಳಿಬಿಡಿ.

ಇನ್ನು 1947. ಇದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಯುದ್ಧ ಮುಗಿದು ಎರಡು ವರ್ಷ, ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್. ಮದುಮಗಳು ಮುಂದೆ ರಾಣಿಯಾದ ಎಲಿಜಬೆತ್, ವಿನ್ಯಾಸಕ ನಾರ್ಮನ್ ಹಾರ್ಟ್ನೆಲ್. ಸರ್ಕಾರ ಹೆಚ್ಚುವರಿ ಕೂಪನ್ ಕೊಟ್ಟಿತು. ಊರೂರಿನ ಹೆಂಗಸರು ತಮ್ಮ ಕೂಪನ್ನುಗಳನ್ನೂ ಅಂಚೆಯಲ್ಲಿ ಕಳಿಸಿದರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಅಪರಾಧ, ಅಷ್ಟನ್ನೂ ವಾಪಸ್ ಕಳಿಸಬೇಕಾಯಿತು. ಸ್ಯಾಟಿನ್ ನೇಯ್ದದ್ದು ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ಆಗ ಎದ್ದಿತು ಪ್ರಶ್ನೆ: ಈ ರೇಷ್ಮೆಹುಳು ಯಾವ ದೇಶದ್ದು? ಇಟಲಿಯದೋ, ಜಪಾನಿನದೋ? ಶತ್ರುದೇಶದ ಹುಳು ನೂತದ್ದನ್ನು ರಾಜಕುಮಾರಿ ಉಡಬಹುದೇ? ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ತೂಕ ನೋಡುತ್ತಾರೆ, ತಳಿ ಕೇಳುತ್ತಾರೆ, ಹುಳುವಿನ ಪಾಸ್‌ಪೋರ್ಟ್ ಯಾರೂ ಕೇಳಿಲ್ಲ! ಹುಳು ಚೀನಾದ್ದು ಅಂತ ಹಾರ್ಟ್ನೆಲ್ ಖಾತ್ರಿ ಮಾಡಿಕೊಟ್ಟ ಮೇಲೆ ಎಲ್ಲರೂ ಉಸಿರು ಬಿಟ್ಟರು. ಮುಗಿಯಿತೇ? ಇಲ್ಲ. ಹತ್ತು ಸಾವಿರ ಮುತ್ತು ಅಮೆರಿಕದಿಂದ ಬಂದು ಕಸ್ಟಮ್ಸ್‌ನಲ್ಲಿ ಕೂತವು. ರಾಜಕುಮಾರಿಯ ಮದುವೆಗೆ ಎಂದರೂ ಸುಂಕ ಕಟ್ಟಿದ ಮೇಲೆಯೇ ಬಿಟ್ಟದ್ದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮವರು ಸುಮ್ಮನೆ ಅಂದಿಲ್ಲ.

ಸಾಲದ್ದಕ್ಕೆ ಮದುವೆ ದಿನ ಬೆಳಿಗ್ಗೆ ಕಿರೀಟದ ಚೌಕಟ್ಟು ಮುರಿಯಿತು. ಅಜ್ಜಿ ಕ್ವೀನ್ ಮೇರಿಯ ಹಳೆಯ ವಜ್ರದ ಕಿರೀಟ. ಅಕ್ಕಸಾಲಿಗನ ಹತ್ತಿರ ಓಡಿ ಬೆಸೆದು ತಂದರು. ಹಳೆಯ ಆಭರಣ ತೊಡಿಸುವವರೇ, ಸ್ಕ್ರೂ, ಸ್ಪ್ರಿಂಗು, ಬೆಸುಗೆ ವಾರ ಮೊದಲೇ ನೋಡಿಸಿ.

ಹಾರ್ಟ್ನೆಲ್‌ಗೆ ಸ್ಫೂರ್ತಿ ಇಟಲಿಯ ಚಿತ್ರಕಾರ ಬಾಟಿಚೆಲ್ಲಿಯ ‘ಪ್ರಿಮವೇರಾ’, ಐದು ಶತಮಾನ ಹಿಂದಿನ ವಸಂತದ ಚಿತ್ರ. ಗೆರೆಯನ್ನು ನಕಲು ಮಾಡದೆ ಹೂವುಗಳನ್ನು ಆರಿಸಿಕೊಂಡ. ಮುತ್ತಿನ ಹೂವು ಹಾಕುವಾಗ ಎಡವುವ ಜಾಗ ತೂಕ. ಸ್ಯಾಟಿನ್ನಿಗೆ ನೇರವಾಗಿ ಮುತ್ತು ಹಾಕಿದರೆ ಬಟ್ಟೆ ಜೋತು ಬಿದ್ದು ಪ್ರತಿ ಹೂವಿನ ಕೆಳಗೆ ಬಟ್ಟಲಿನಂಥ ಗುಳಿ ಬೀಳುತ್ತದೆ. ಹಿಂದೆ ಆರ್ಗಂಜಾ, ಅಂದರೆ ತೆಳುವಾದರೂ ಬಿರುಸಾದ ಬಟ್ಟೆ, ಕೊಡಿ, ಬಟ್ಟೆಯ ಉದ್ದೆಳೆ ನೆಲಕ್ಕೆ ನೇರವಾಗಿರಲಿ, ವರ್ಕ್ ಮುಗಿದ ಮೇಲೆ ಒಂದು ದಿನ ತೂಗುಹಾಕಿ, ಆಮೇಲೆ ಕೆಳಅಂಚು ಕತ್ತರಿಸಿ.

ಸಮಯ ನೋಡಿಕೊಳ್ಳಿ ಅಂತ ಚೀಟಿ ಬಂದಿದೆ. ಹುಳುವಿನ ಪಾಸ್‌ಪೋರ್ಟಿನಲ್ಲೇ ಎಲ್ಲ ಖರ್ಚಾಯಿತು.

ರಾಜಕುಮಾರ ಚಾರ್ಲ್ಸ್‌ನನ್ನು ಮದುವೆಯಾದ ಡಯಾನಾ, 1981: ಅಲ್ಲೂ ಕ್ವೀನ್ ಮೇರಿಯ ಹಳೆಯ ಲೇಸಿನ ತುಂಡಿತ್ತು, ಉಬ್ಬುತೋಳಿತ್ತು, 25 ಅಡಿ ಸೆರಗಿನ ಹಾಗೆ ಎಳೆದುಕೊಂಡು ಬರುವ ಟ್ರೇನ್ ಇತ್ತು. ಅಪ್ಪನ ಜೊತೆ ಗಾಜಿನ ಸಾರೋಟಿನಲ್ಲಿ ಅದನ್ನೆಲ್ಲ ತುರುಕಿ ತಂದರು. ಇಳಿಯುವಾಗ ಇಡೀ ಲೋಕ ಸುಕ್ಕು ನೋಡಿತು. ಉಡುಪಿನ ಬಟ್ಟೆ ಟಫೇಟಾ ರೇಷ್ಮೆ, ಬಿಗಿ ನೇಯ್ಗೆ, ಮಡಿಸಿದ್ದನ್ನು ಮರೆಯುವುದಿಲ್ಲ. ತುಂಡನ್ನು ಮುಷ್ಟಿಯಲ್ಲಿ ಒಂದು ನಿಮಿಷ ಹಿಡಿದು ಬಿಟ್ಟು ನೋಡಿ. ಮದುಮಗಳು ಇನ್ನೋವಾದಲ್ಲಿ ಬರುವವಳಾದರೆ ಇನ್ನೋವಾದಲ್ಲೇ ಒಮ್ಮೆ ಕೂರಿಸಿ ನೋಡಿ.

2020ರ ಜುಲೈಯಲ್ಲಿ ರಾಜಕುಮಾರಿ ಬಿಯಾಟ್ರಿಸ್, ಅದೇ ಹೆಸರಿನ ಇನ್ನೊಬ್ಬಳು, ಅಜ್ಜಿ ಎಲಿಜಬೆತ್ 1962ರಲ್ಲಿ ಸಿನಿಮಾ ಪ್ರೀಮಿಯರಿಗೆ ಹಾಕಿದ್ದ ಹಾರ್ಟ್ನೆಲ್ ಗೌನನ್ನೇ ತನ್ನ ಮದುವೆಗೆ ಉಟ್ಟಳು. ರಾಣಿಗೆ ಉಡುಪು ಮಾಡುತ್ತಿದ್ದ ಏಂಜೆಲಾ ಕೆಲ್ಲಿ, ಸ್ಟೂವರ್ಟ್ ಪಾರ್ವಿನ್ ಸೇರಿ ಆರ್ಗಂಜಾ ತೋಳು ಸೇರಿಸಿದರು. ಇಂಥ ಕೆಲಸದಲ್ಲಿ ನಿಯಮ ಒಂದೇ: ಹಳೆಯ ಬಟ್ಟೆಗೆ ಕತ್ತರಿ ಬೇಡ, ಹೊಸದನ್ನು ಹಳೆಯ ಹೊಲಿಗೆಯ ತೂತಿನ ಸಾಲಿನಲ್ಲೇ ಸೇರಿಸಿ.

ಹಳೆಯ ಬಣ್ಣ ಬರಲಿ ಅಂತ ಲೇಸನ್ನು ಟೀಯಲ್ಲಿ ಅದ್ದುವ ವಿಷಯ ಒಂದು ನಿಮಿಷ. ವಿಕ್ಟೋರಿಯಾಳ ಮಗಳಿಗೆ 1841ರಲ್ಲಿ ಹೊಲಿಸಿದ ನಾಮಕರಣದ ಉಡುಪು 2004ರವರೆಗೆ ಬಂತು. ಅದರ ಪ್ರತಿರೂಪ ಮಾಡುವಾಗ ಹೊಸ ಲೇಸನ್ನು ಟೀಯಲ್ಲಿ ಅದ್ದಿ ಬಣ್ಣ ಹೊಂದಿಸಿದರು. ಹೊಸದನ್ನು, ಹಳೆಯದನ್ನಲ್ಲ. ಹಳೆಯ ಲೇಸಿಗೆ ಟೀ ಹಾಕಿದರೆ ಅದರ ಒಗರು ಎಳೆಯನ್ನು ಇನ್ನಷ್ಟು ಬೇಗ ಲಡ್ಡಾಗಿಸುತ್ತದೆ. ಪಾಲಿಯೆಸ್ಟರಿಗೆ ಟೀ ಹತ್ತುವುದೇ ಇಲ್ಲ, ವ್ಯರ್ಥ ಮಾಡಬೇಡಿ, ಕುಡಿಯಿರಿ.

ಗುಂಡಿ, ನಡು ಬಿಗಿಯುವ ಕಾರ್ಸೆಟ್ಟಿನ ಕಡ್ಡಿ, ಎರಡರ ಮಾತೂ ಹೇಳದೆ ಉಳಿಯಿತು. ಮುಂದಿನ ಮೇಜಿನ ಮೇಲೆ ಎರಡು ತುಂಡು ಇಟ್ಟಿದ್ದೇನೆ, ಒಂದಕ್ಕೆ ಮೆಷಿನ್, ಇನ್ನೊಂದಕ್ಕೆ ಕೈಹೊಲಿಗೆ. ಎರಡರಿಂದಲೂ ಒಂದೊಂದು ಹೂವು ಬಿಚ್ಚಿ ನೋಡಿ. ಹೊರಗೆ ಬೋಂಡಾ ಕೊಡುತ್ತಿದ್ದಾರೆ, ತಿಂದವರು ಕೈ ತೊಳೆದುಕೊಂಡು ಬನ್ನಿ.